ತಮ್ಮನ ರಕ್ತದಿಂದ ಸಂವೇದನಾ ನರಕೋಶ ಬೆಳೆಸುತ್ತಾರಂತೆ. ನಡಿಗೆಯ ಕಾಯಿಲೆಗೂ ಅದಕ್ಕೂ ಏನು ಸಂಬಂಧ?

ಹಾವೇರಿಯ ಅಕ್ಕ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ತಾಳ್ಮೆಯಿಂದ ಓದಿ.

ನನ್ನ ತಮ್ಮನಿಗೆ ಈಗ 17. ಹೈಸ್ಕೂಲಿಗೆ ಸೇರುವ ಹೊತ್ತಿಗೆ ನಡಿಗೆ ತೂರಾಡಲು ಶುರುವಾಯಿತು. ಇಷ್ಟು ಸಣ್ಣ ಹುಡುಗ ಕುಡಿಯುತ್ತಾನಾ ಎಂದು ಊರಲ್ಲಿ ಒಬ್ಬರು ಕೇಳಿದರು. ಅವತ್ತು ಅವ್ವ ಊಟ ಮಾಡಲಿಲ್ಲ. ಅಲ್ಲಿ ಇಲ್ಲಿ ತೋರಿಸಿ ಸಾಕಾಗಿ, ಕೊನೆಗೆ ಬೆಂಗಳೂರಿಗೆ ಹೋಗಿ ಜೀನ್ ಪರೀಕ್ಷೆ ಮಾಡಿಸಿದ ಮೇಲೆ ಫ್ರೀಡ್ರೈಕ್ ಅಟಾಕ್ಸಿಯ ಎಂಬ ಆನುವಂಶಿಕ ನರದ ಕಾಯಿಲೆ ಎಂದು ಗೊತ್ತಾಯಿತು. ನಮ್ಮ ಅಪ್ಪ ಅವ್ವನಿಗೆ ಸೋದರಮಾವ ಆಗಬೇಕು, ಅದನ್ನೂ ಡಾಕ್ಟರು ಕೇಳಿ ಬರೆದುಕೊಂಡರು.

ನನಗೆ ತಲೆಗೆ ಹತ್ತದ ಸಂಗತಿ ಒಂದಿದೆ. ತಮ್ಮನ ಕಾಲಿನಲ್ಲಿ ಬಲ ಇದೆ. ಮಂಚದ ಮೇಲೆ ಮಲಗಿಸಿ ಒದಿ ಎಂದರೆ ನಾನು ಹಿಂದಕ್ಕೆ ಹೋಗುವಷ್ಟು ಜೋರಾಗಿ ಒದೆಯುತ್ತಾನೆ. ಆದರೆ ಬಚ್ಚಲಲ್ಲಿ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದರೆ ಬೀಳುತ್ತಾನೆ. ರಾತ್ರಿ ಕರೆಂಟ್ ಹೋದರೆ ನಿಂತಲ್ಲೇ ಗೋಡೆ ಹಿಡಿದುಕೊಳ್ಳುತ್ತಾನೆ. ನರದ ಪರೀಕ್ಷೆಯ ರಿಪೋರ್ಟಿನಲ್ಲಿ ಸ್ನಾಯು ಆಡಿಸುವ ನರಗಳು ಬಹುಮಟ್ಟಿಗೆ ಸರಿ ಇವೆ, ಸಂವೇದನೆಯ ನರಗಳಿಂದ ಏನೂ ದಾಖಲಾಗುತ್ತಿಲ್ಲ ಎಂದು ಬರೆದಿದ್ದಾರೆ. ಮುಟ್ಟಿದರೆ, ಚಿವುಟಿದರೆ ಅವನಿಗೆ ಗೊತ್ತಾಗುತ್ತದಲ್ಲ, ಮತ್ತೆ ಸಂವೇದನೆ ಹೋಗಿದೆ ಎಂದರೆ ಹೇಗೆ?

ಈಗ ಒಂದು ಸಂಶೋಧನೆಯವರು ಅವನ ರಕ್ತ ಕೇಳಿದ್ದಾರೆ. ಅದರಿಂದ ಸ್ಟೆಮ್ ಸೆಲ್ ಮಾಡಿ, ಅದರಿಂದ ಸಂವೇದನಾ ನರಕೋಶ ಬೆಳೆಸಿ ನೋಡುತ್ತಾರಂತೆ. ಇದರಿಂದ ತಮ್ಮನಿಗೆ ಏನಾದರೂ ಉಪಯೋಗ ಆಗುತ್ತದೆಯೇ?

ಇನ್ನೊಂದು ಕಡೆ, ನಮ್ಮ ಕಾಕಾ ಒಂದು ಕ್ಲಿನಿಕ್ ಹುಡುಕಿದ್ದಾರೆ. ಅವರೂ ಸ್ಟೆಮ್ ಸೆಲ್ ಅನ್ನುತ್ತಾರೆ, ಬೆನ್ನಿಗೆ ಇಂಜೆಕ್ಷನ್ ಕೊಡುತ್ತಾರಂತೆ. ಲಕ್ಷಗಟ್ಟಲೆ ಖರ್ಚು. ಅದಕ್ಕೆ ಎರಡು ಎಕರೆ ಹೊಲ ಮಾರುವ ಮಾತು ನಡೆದಿದೆ. ಇವೆರಡೂ ಒಂದೇನಾ? ತಿಳಿದವರು ದಯವಿಟ್ಟು ಹೇಳಿ.

ನೆಕ್ಕರ್ ದಂಡೆಯಿಂದ

ಕೊನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ, ಅದಕ್ಕೆ ಅವಸರವಿದೆ. ಹೊಲ ಮಾರಬೇಡಿ. ಆ ಇಂಜೆಕ್ಷನ್ ಮಾಡಿಸಬೇಡಿ.

ನಾನು ಸಾಗರದ ಕಡೆಯವಳು, ಈಗ ಜರ್ಮನಿಯ ಹೈಡಲ್‌ಬರ್ಗಿನಲ್ಲಿದ್ದೇನೆ. ಮನುಷ್ಯರ ಸ್ಟೆಮ್ ಸೆಲ್‌ಗಳಿಂದ, ಅಂದರೆ ಬೇರೆ ಬೇರೆ ಬಗೆಯ ಕೋಶವಾಗಿ ಬೆಳೆಯಬಲ್ಲ ಕೋಶಗಳಿಂದ, ಸಂವೇದನಾ ನರಕೋಶ ಬೆಳೆಸುವುದೇ ನನ್ನ ದಿನದ ಕೆಲಸ. ಈ ಕೋಶಗಳನ್ನು ಹತ್ತಿರದಿಂದ ಬಲ್ಲವಳಾಗಿ ಹೇಳುತ್ತಿದ್ದೇನೆ. ನಿಮ್ಮ ತಮ್ಮನಲ್ಲಿ ಕೆಟ್ಟಿರುವ ನರಕೋಶದ ಒಡಲು ಬೆನ್ನೆಲುಬಿನ ಪಕ್ಕದ ಒಂದು ಪುಟ್ಟ ಗಂಟಿನಲ್ಲಿರುತ್ತದೆ. ಅಲ್ಲಿಂದ ಒಂದು ಎಳೆ ಕಾಲಿನ ಹೆಬ್ಬೆರಳಿನವರೆಗೆ ಇಳಿಯುತ್ತದೆ, ಇನ್ನೊಂದು ಬೆನ್ನುಹುರಿಯ ಹಿಂಭಾಗದಲ್ಲಿ ಮಿದುಳಿನ ಬುಡದವರೆಗೆ ಏರುತ್ತದೆ. ಎತ್ತರದ ಮನುಷ್ಯನಲ್ಲಿ ಒಂದೇ ಕೋಶ ಸುಮಾರು ಒಂದೂವರೆ ಮೀಟರ್ ಉದ್ದ. ಬೆನ್ನಿಗೆ ಚುಚ್ಚಿದ ಯಾವುದೋ ಕೋಶ ಆ ಗಂಟಿಗೆ ಹೋಗಿ ನೆಲೆಸಿ, ಎರಡೂ ದಿಕ್ಕಿಗೆ ಎಳೆ ಚಾಚಿ, ಸರಿಯಾದ ಸ್ನಾಯುವನ್ನೂ ಸರಿಯಾದ ಮಿದುಳಿನ ಕೋಶವನ್ನೂ ಹುಡುಕಿಕೊಳ್ಳುತ್ತದೆ ಎಂದು ಇಂದಿಗೆ ಯಾರೂ ತೋರಿಸಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯೂ ಸ್ಪಷ್ಟವಾಗಿದೆ. ರಕ್ತಕ್ಕೆ ಸಂಬಂಧಿಸಿದ ಕಾಯಿಲೆಗಳಂಥ ಒಪ್ಪಿತ ಸಂದರ್ಭಗಳಲ್ಲಿ ಮಾಡುವ ಅಸ್ಥಿಮಜ್ಜೆ ಕಸಿ ಬಿಟ್ಟರೆ, ಸ್ಟೆಮ್ ಸೆಲ್ ಅನ್ನು ಅನುಮತಿ ಪಡೆದ ಪ್ರಯೋಗದೊಳಗೆ ಮಾತ್ರ ರೋಗಿಗೆ ಕೊಡಬಹುದು, ಚಿಕಿತ್ಸೆ ಎಂದು ಮಾರುವಂತಿಲ್ಲ. ಪ್ರಯೋಗಕ್ಕೆ ಸೇರಿದವರಿಂದ ಅದರ ಖರ್ಚು ವಸೂಲಿ ಮಾಡುವಂತಿಲ್ಲ. ಲಕ್ಷ ಕೇಳುತ್ತಿದ್ದಾರೆ ಎಂಬುದೊಂದೇ ಸಾಕು, ಕಾಕಾಗೆ ಇದನ್ನು ಓದಿ ಹೇಳಿ.

ಈಗ ಬಲ ಇದ್ದೂ ಬೀಳುವುದು ಯಾಕೆ ಎಂಬುದು. ನಿಮ್ಮ ಗಮನಿಕೆ ಎಷ್ಟು ಸರಿಯಾಗಿದೆ ಎಂದರೆ, ರೋಗದ ತಿರುಳನ್ನೇ ನೀವು ಬಚ್ಚಲಲ್ಲಿ ಕಂಡಿದ್ದೀರಿ. ಮಿದುಳಿನಿಂದ ಸ್ನಾಯುವಿಗೆ ಅಪ್ಪಣೆ ಒಯ್ಯುವ ಚಾಲಕ ನರ ಬೇರೆ. ಸ್ನಾಯು ಎಷ್ಟು ಎಳೆದಿದೆ, ಕೀಲು ಎಷ್ಟು ಬಾಗಿದೆ, ಪಾದ ಈಗ ಎಲ್ಲಿದೆ ಎಂದು ಮಿದುಳಿಗೆ ವರದಿ ತರುವ ನರ ಬೇರೆ. ಈ ಎರಡನೆಯದು ಸಂವೇದನಾ ನರಗಳಲ್ಲೇ ದಪ್ಪನೆಯ, ವೇಗದ ಜಾತಿ. ನೋವು, ಬಿಸಿ ತಿಳಿಸುವ ತೆಳು ನರಗಳು ಇನ್ನೊಂದು ಜಾತಿ. ಫ್ರೀಡ್ರೈಕ್ ಅಟಾಕ್ಸಿಯ ಹೆಚ್ಚಾಗಿ ಕೆಡಿಸುವುದು ದಪ್ಪ ನರಗಳನ್ನು. ಆದ್ದರಿಂದ ಚಿವುಟಿದರೆ ಗೊತ್ತಾಗುತ್ತದೆ, ಆದರೆ ಕಾಲು ಎಲ್ಲಿದೆ ಎಂದು ಕಣ್ಣಿಲ್ಲದೆ ಗೊತ್ತಾಗುವುದಿಲ್ಲ. ನಿಮ್ಮ ತಮ್ಮ ಕಣ್ಣಿನಿಂದ ಕಾಲನ್ನು ನಡೆಸುತ್ತಿದ್ದಾನೆ. ಸೋಪು ಹಚ್ಚಿದಾಗ ಆ ಆಸರೆಯೂ ಹೋಗುತ್ತದೆ. ಮಂಡಿಗೆ ಸುತ್ತಿಗೆ ಬಡಿದರೆ ಕಾಲು ಚಿಮ್ಮುವುದಿಲ್ಲ ಎಂದು ಡಾಕ್ಟರು ಹೇಳಿರಬೇಕು, ಅದೂ ಇದೇ ನರದ ಕೆಲಸ. ಅಸಮತೋಲನದಲ್ಲಿ ಕಿರುಮೆದುಳಿನ ಪಾಲೂ ಇದೆ, ಅದನ್ನು ಬಿಟ್ಟು ಹೇಳಿದರೆ ಪೂರ್ತಿ ಸತ್ಯ ಆಗುವುದಿಲ್ಲ.

ನಾನೀಗ ಇರುವ ಊರಿನಲ್ಲೇ ನಿಕೊಲಾಸ್ ಫ್ರೀಡ್ರೈಕ್ ಎಂಬ ವೈದ್ಯ 1863ರಲ್ಲಿ ಈ ರೋಗವನ್ನು ಮೊದಲು ವಿವರಿಸಿದ. ತೀರಿಕೊಂಡವರ ಬೆನ್ನುಹುರಿ ನೋಡಿದಾಗ ಅದರ ಹಿಂಬದಿಯ ಭಾಗ ಸೊರಗಿದ್ದು ಅವನಿಗೆ ಕಂಡಿತ್ತು. ಅಲ್ಲಿ ಓಡುವುದು ಈ ವರದಿಯ ಎಳೆಗಳೇ. ಕಾರಣ ಸಿಗಲು 1996ರವರೆಗೆ ಕಾಯಬೇಕಾಯಿತು. 9ನೇ ವರ್ಣತಂತುವಿನಲ್ಲಿ ಫ್ರಟಾಕ್ಸಿನ್ ಎಂಬ ಪ್ರೋಟೀನಿನ ಜೀನ್ ಇದೆ. ಅದರ ಮೊದಲ ಇಂಟ್ರಾನ್‌ನಲ್ಲಿ, ಅಂದರೆ ಪ್ರೋಟೀನಿನ ಬರಹವಿಲ್ಲದ ಒಂದು ತುಣುಕಿನಲ್ಲಿ, ಜಿಎಎ ಎಂಬ ಮೂರಕ್ಷರ ಮತ್ತೆ ಮತ್ತೆ ಬರುತ್ತದೆ. ಎಲ್ಲರಲ್ಲೂ ಕೆಲವು ಸಲ ಬರುತ್ತದೆ, ರೋಗಿಗಳಲ್ಲಿ ನೂರಾರು ಸಲ, ಕೆಲವರಲ್ಲಿ 1,000 ದಾಟಿ. ಅಷ್ಟು ಉದ್ದವಾದಾಗ ಜೀನ್ ಅರೆಬರೆ ಮುಚ್ಚಿಹೋಗಿ ಫ್ರಟಾಕ್ಸಿನ್ ಕಡಿಮೆಯಾಗುತ್ತದೆ. ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದಲ್ಲಿ ಕಬ್ಬಿಣ-ಗಂಧಕದ ಜೋಡಣೆಗೆ ಈ ಪ್ರೋಟೀನ್ ಬೇಕೇ ಬೇಕು.

ಫ್ರಟಾಕ್ಸಿನ್ ಮೈಯ ಎಲ್ಲ ಕೋಶಗಳಲ್ಲೂ ಕಡಿಮೆ. ಹಾಗಿದ್ದ ಮೇಲೆ ಈ ಒಂದು ಜಾತಿಯ ನರವೇ ಯಾಕೆ ಮೊದಲು ಸೋಲುತ್ತದೆ? ನಿಮ್ಮಲ್ಲಿ ರಕ್ತ ಕೇಳುತ್ತಿರುವುದು ಈ ಪ್ರಶ್ನೆಗಾಗಿ. ಬದುಕಿರುವವರ ಬೆನ್ನೆಲುಬಿನ ಪಕ್ಕದ ಗಂಟನ್ನು ಕತ್ತರಿಸಿ ನೋಡಲಾಗುವುದಿಲ್ಲ. ತೀರಿಕೊಂಡವರಲ್ಲಿ ಕಾಣುವುದು ಕತೆ ಮುಗಿದ ಮೇಲಿನ ಸ್ಥಿತಿ. ಇಲಿಯಲ್ಲಿ ಫ್ರಟಾಕ್ಸಿನ್ ಪೂರ್ತಿ ತೆಗೆದರೆ ಭ್ರೂಣವೇ ಉಳಿಯುವುದಿಲ್ಲ, ಅರ್ಧಂಬರ್ಧ ತಗ್ಗಿಸಿದರೆ ಮನುಷ್ಯರ ರೋಗದ ಹಾಗೆ ಆಗುವುದಿಲ್ಲ. ಉಳಿದದ್ದು ರೋಗಿಯದೇ ಜೀನ್ ಇರುವ ನರಕೋಶವನ್ನು ಹೊರಗೆ ಬೆಳೆಸುವ ದಾರಿ.

ಅದು ಸಾಧ್ಯವಾದದ್ದು ಜಪಾನಿನ ಶಿನ್ಯ ಯಮನಾಕ ಅವರಿಂದ. ದೊಡ್ಡವರ ಸಾಮಾನ್ಯ ಕೋಶಕ್ಕೆ ನಾಲ್ಕು ಜೀನ್‌ಗಳನ್ನು ಹಾಕಿ ಅದನ್ನು ಭ್ರೂಣದ ಮೊದಲ ದಿನಗಳ ಸ್ಥಿತಿಗೆ ಮರಳಿಸಬಹುದೆಂದು ಅವರು 2006ರಲ್ಲಿ ಇಲಿಯಲ್ಲಿ, 2007ರಲ್ಲಿ ಮನುಷ್ಯರಲ್ಲಿ ತೋರಿಸಿದರು. 2012ರಲ್ಲಿ ನೊಬೆಲ್ ಬಂತು. ತಮ್ಮನ ರಕ್ತದ ಕೋಶಗಳಿಗೂ ಇದನ್ನೇ ಮಾಡುತ್ತಾರೆ.

ಅಲ್ಲಿಂದ ಮುಂದಿನದು ನನ್ನಂಥವರ ಕೆಲಸ. ಭ್ರೂಣದಲ್ಲಿ ಸಂವೇದನಾ ನರ ಹುಟ್ಟುವ ದಾರಿಯನ್ನೇ ಪ್ರಯೋಗಾಲಯದ ತಟ್ಟೆಯಲ್ಲಿ ಹಿಡಿಯಬೇಕು. ಕೆಲವು ಸಂಕೇತಗಳನ್ನು ತಡೆಯುವ, ಕೆಲವನ್ನು ಎಬ್ಬಿಸುವ ಔಷಧದಂಥ ಸಣ್ಣ ಅಣುಗಳನ್ನು ಸರಿಯಾದ ದಿನಕ್ಕೆ ಹಾಕುತ್ತೇವೆ. ಕೋಶ ಮೊದಲು ನ್ಯೂರಲ್ ಕ್ರೆಸ್ಟ್ ಎಂಬ ಹಂತಕ್ಕೆ ಬರುತ್ತದೆ, ಆಮೇಲೆ ನರವಾಗುತ್ತದೆ. ನ್ಯೂಯಾರ್ಕಿನ ಲೊರೆಂಜ್ ಸ್ಟೂಡರ್ ಅವರ ತಂಡ 2012ರಲ್ಲಿ ಹೀಗೆ ಸುಮಾರು ಹತ್ತೇ ದಿನಗಳಲ್ಲಿ ನೋವಿನ ನರಕೋಶ ತರಿಸಿತು. ಫ್ಲಾರಿಡಾದ ಒರ್ಲ್ಯಾಂಡೊದಲ್ಲಿ ಜೇಮ್ಸ್ ಹಿಕ್‌ಮನ್ ಅವರ ತಂಡದ ಗುರಿ ಬೇರೆ. ಸಂವೇದನಾ ನರ, ಚಾಲಕ ನರ, ಸ್ನಾಯು ಮೂರನ್ನೂ ತಟ್ಟೆಯಲ್ಲಿ ಜೋಡಿಸಿ ಮಂಡಿ ಬಡಿದಾಗ ಆಗುವ ಆ ಸುತ್ತನ್ನೇ ಕಟ್ಟುವುದು ಅವರಿಗೆ ಬೇಕು.

ನೋವಿನ ನರ ಸುಲಭವಾಗಿ ಬರುತ್ತದೆ. ನಿಮ್ಮ ತಮ್ಮನಿಗೆ ಸಂಬಂಧಿಸಿದ ದಪ್ಪ ನರ ಅಷ್ಟು ಸುಲಭಕ್ಕೆ ಬರುವುದಿಲ್ಲ. ಅದಕ್ಕೆ ಎನ್‌ಟಿ-3 ಎಂಬ ಪೋಷಕ ಪ್ರೋಟೀನ್ ಹಾಕುತ್ತೇವೆ, ಆ ಪ್ರೋಟೀನನ್ನು ಹಿಡಿಯುವ ಟ್ರ್ಯಾಕ್-ಸಿ ಎಂಬ ಗುರುತು ಕೋಶದ ಮೇಲೆ ಮೂಡಿದೆಯೇ ಎಂದು ಬಣ್ಣ ಹಚ್ಚಿ ನೋಡುತ್ತೇವೆ. ಗಾಜಿನ ತುದಿಯಿಂದ ಮೆಲ್ಲಗೆ ಒತ್ತಿದರೆ ವಿದ್ಯುತ್ ಹರಿಯಬೇಕು, ಆಗ ಒತ್ತಡ ಅರಿಯುವ ಪಿಯೆಜೊ-2 ಎಂಬ ಪ್ರೋಟೀನ್ ಕೆಲಸ ಮಾಡುತ್ತಿದೆ ಎಂದು ಅರ್ಥ. (ಪಿಯೆಜೊ ಕಂಡುಹಿಡಿದ ಆರ್ಡೆಮ್ ಪಟಪೂಟಿಯನ್ ಅವರಿಗೆ 2021ರ ನೊಬೆಲ್ ಬಂತು.) ಭಾನುವಾರವೂ ಹೋಗಿ ಕೋಶಗಳ ದ್ರವ ಬದಲಿಸಬೇಕಾಗುತ್ತದೆ. ಕೆಂಪಗಿರುವ ಆ ದ್ರವ ಹಳದಿಗೆ ತಿರುಗಿತೆಂದರೆ ಕೋಶಗಳು ಹುಳಿಯಲ್ಲಿ ಕೂತಿವೆ ಎಂದು ಲೆಕ್ಕ. ನರ ಆಗದೆ ಉಳಿದ ಕೋಶಗಳು ಒಂದೇ ಸಮ ಹೆಚ್ಚುತ್ತಾ ಹೋಗುತ್ತವೆ, ಅವನ್ನು ಔಷಧ ಹಾಕಿ ತೆಗೆಯಬೇಕು. ವಾರಗಳು ಕಳೆದಂತೆ ನರಕೋಶಗಳು ತಾವೇ ಒಂದನ್ನೊಂದು ಹುಡುಕಿಕೊಂಡು ಗುಂಪು ಕಟ್ಟುತ್ತವೆ, ಸುತ್ತ ಎಳೆಗಳ ಪರಿವೇಷ ಮೂಡಿ ನೀರಲ್ಲಿ ನೆನೆದ ಕಾಮಕಸ್ತೂರಿ ಬೀಜದಂತೆ ಕಾಣುತ್ತವೆ. ನೋಡಲು ಚಂದ, ಆದರೆ ಆ ಗುಂಪು ತಳ ಬಿಟ್ಟು ತೇಲಿದರೆ ಆ ತಟ್ಟೆಯ ಕೆಲಸ ಅಲ್ಲಿಗೆ ಮುಗಿಯಿತು.

ಇದರಿಂದ ಈವರೆಗೆ ಏನು ಸಿಕ್ಕಿದೆ? ಬ್ರಸೆಲ್ಸ್‌ನಲ್ಲಿ ಮಾಸಿಮೊ ಪಂಡೋಲ್ಫೊ ಅವರ ತಂಡ (1996ರಲ್ಲಿ ಜೀನ್ ಕಂಡುಹಿಡಿದವರಲ್ಲಿ ಅವರೂ ಒಬ್ಬರು) ಸ್ನಾಯುವಿನಿಂದ ವರದಿ ತರುವ ನರಗಳನ್ನೇ ಬೆಳೆಸುವ ವಿಧಾನವನ್ನು 2020ರಲ್ಲಿ ಪ್ರಕಟಿಸಿತು. ಅದೇ ವರ್ಷ ಮಿಲಾನಿನಿಂದ ಬಂದ ಕೆಲಸ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ಅವರು ರೋಗಿಗಳ ಕೋಶಗಳಿಂದ ಆ ಬೆನ್ನಿನ ಪಕ್ಕದ ಗಂಟಿನ ಪುಟ್ಟ ಪ್ರತಿರೂಪವನ್ನೇ ಬೆಳೆಸಿದರು. ಅದರ ನರಗಳು ಜೊತೆಯಲ್ಲಿಟ್ಟ ಮನುಷ್ಯರ ಸ್ನಾಯು ಎಳೆಗಳನ್ನು ಹುಡುಕಿಕೊಂಡು ಹೋಗಿ ಸುತ್ತಿಕೊಂಡವು, ನಮ್ಮ ಸ್ನಾಯುವಿನೊಳಗೆ ಸುತ್ತಿಕೊಳ್ಳುವಂತೆಯೇ. ಆಮೇಲೆ ಜೀನ್ ತಿದ್ದಿ ನೋಡಿದರು. ಉದ್ದವಾದ ಜಿಎಎ ಸರಣಿಯನ್ನಷ್ಟೇ ಕತ್ತರಿಸಿದಾಗ ನರಗಳು ಚೇತರಿಸಿಕೊಳ್ಳಲಿಲ್ಲ, ಅದು ಕೂತಿರುವ ಇಡೀ ಇಂಟ್ರಾನ್ ತೆಗೆದಾಗ ಚೇತರಿಸಿಕೊಂಡವು. ಯೋಚಿಸಿ, ಮುಂದೆ ಯಾರಾದರೂ ಜೀನ್ ತಿದ್ದುವ ಚಿಕಿತ್ಸೆ ಮಾಡಲು ಹೊರಟರೆ ಎಲ್ಲಿಂದ ಎಲ್ಲಿಗೆ ಕತ್ತರಿಸಬೇಕು ಎಂಬ ತಿಳಿವಳಿಕೆ ಬಂದದ್ದು ತಟ್ಟೆಯಲ್ಲಿ ಬೆಳೆದ ಸಂವೇದನಾ ನರದಿಂದ. ನಿಮ್ಮ ತಮ್ಮನಂಥವರು ರಕ್ತವೋ ಚರ್ಮದ ಚೂರೋ ಕೊಟ್ಟದ್ದರಿಂದ.

ತಮ್ಮನಿಗೆ ನೇರ ಉಪಯೋಗ? ಈ ವರ್ಷ, ಮುಂದಿನ ವರ್ಷ, ಇಲ್ಲ. ಆಸೆ ಹುಟ್ಟಿಸಿ ಬರೆಯಲು ನನ್ನಿಂದ ಆಗುವುದಿಲ್ಲ. ತಟ್ಟೆಯ ನರಕೋಶ ಎಷ್ಟು ವಾರ ಸಾಕಿದರೂ ಭ್ರೂಣದ ವಯಸ್ಸಿನದೇ. 17 ವರ್ಷದ ಸವೆತ ಅದರಲ್ಲಿ ಇರುವುದಿಲ್ಲ. ಅದಕ್ಕೆ ರಕ್ತನಾಳವಿಲ್ಲ, ಮೀಟರ್ ಉದ್ದವಿಲ್ಲ. ಜಿಎಎ ಸರಣಿ ತಟ್ಟೆಯಲ್ಲಿರುವಾಗಲೇ ಇನ್ನೂ ಉದ್ದವಾಗುವುದುಂಟು, ಅದನ್ನೂ ಲೆಕ್ಕದಲ್ಲಿ ಇಡಬೇಕು. ಇಷ್ಟಾದರೂ, ಈ ರೋಗದಲ್ಲಿ ಆ ಗಂಟಿನ ಕೋಶಗಳು ಮೊದಲಿನಿಂದಲೇ ಚಿಕ್ಕದಾಗಿ ಬೆಳೆದಿರುತ್ತವೆ ಎಂದು ಶವಪರೀಕ್ಷೆಗಳು ಸೂಚಿಸಿವೆ. ಬೆಳವಣಿಗೆಯಲ್ಲೇ ಎಲ್ಲಿ ತಪ್ಪುತ್ತದೆ ಎಂದು ನೋಡಲು ಎಳೆಯ ಕೋಶವೇ ಬೇಕು.

ಫಿಜಿಯೊ ಧಾರವಾಡ

ತಂಗೀ, ನಾ ಧಾರವಾಡದಾಗ ಫಿಜಿಯೊಥೆರಪಿ ಮಾಡ್ತೀನಿ. ಮ್ಯಾಲಿನವರು ಹೇಳಿದ ವಿಜ್ಞಾನ ನನಗೂ ಭಾಳ ತಿಳೀತು. ನಾ ಮನಿಯೊಳಗಿನ ಮಾತು ಹೇಳ್ತೀನಿ.

ಕಣ್ಣಿನಿಂದ ಕಾಲು ನಡಸಾಕತ್ತಾನ ಅಂದಮ್ಯಾಲೆ ಕಣ್ಣಿಗೆ ಬೆಳಕು ಬೇಕು. ಮಲಗೋ ಕ್ವಾಣಿಯಿಂದ ಬಚ್ಚಲತನಕ ಕರೆಂಟ್ ಹೋದ್ರೂ ಉರಿಯೋ ಚಾರ್ಜಿಂಗ್ ಬಲ್ಬ್ ಹಾಕ್ರಿ. ಬಚ್ಚಲದಾಗ ಗ್ವಾಡಿಗೆ ಕಬ್ಬಿಣದ ಹಿಡಿಕೆ ಹಾಕಸ್ರಿ, ಕುರ್ಚಿ ಮ್ಯಾಲೆ ಕೂತು ಜಳಕ ಮಾಡ್ಲಿ, ಸೋಪು ಕೂತಾಗಷ್ಟ ಹಚ್ಕೊಳ್ಲಿ. ಹವಾಯಿ ಚಪ್ಪಲಿ ಬ್ಯಾಡ. ಹಿಮ್ಮಡಿಗೆ ಪಟ್ಟಿ ಇರೋದು, ಅಡಿ ತೀರ ಮೆತ್ತಗ ಇರಲಾರದ್ದು ಹಾಕ್ಲಿ.

ಬಲ ಐತಿ ಅಂತ ವ್ಯಾಯಾಮ ಬಿಡಬ್ಯಾಡ್ರಿ. ನಿಂತು ಮಾಡೋ ಸಮತೋಲನದ ವ್ಯಾಯಾಮ ದಿನಾ ಬೇಕು, ಮಗ್ಗುಲಲ್ಲಿ ಒಬ್ಬರು ನಿಲ್ಲಬೇಕು. ದಣಿವು ಅವಗ ಜಾಸ್ತಿ ಇರತೈತಿ, ಒಂದೇ ಸಲ ಅರ್ಧ ತಾಸು ಮಾಡಸೂದಕ್ಕಿಂತ ಸಣ್ಣ ಸಣ್ಣದಾಗಿ ಮಾಡಸ್ರಿ.

ಇನ್ನೊಂದು. ಈ ರೋಗದಾಗ ಹೃದಯದ ಸ್ನಾಯು ದಪ್ಪ ಆಗತೈತಿ, ಕೆಲವರಿಗೆ ಸಕ್ಕರೆ ಕಾಯಿಲೆ ಬರತೈತಿ, ಬೆನ್ನು ಸೊಟ್ಟ ಆಗತೈತಿ. ನಡಿಗಿ ನೋಡ್ಕೋತ ಹೃದಯ ಮರೀಬ್ಯಾಡ್ರಿ. ವರ್ಷಕ್ಕೊಮ್ಮೆ ಎಕೋ, ಇಸಿಜಿ, ರಕ್ತದ ಸಕ್ಕರೆ ಮಾಡಸ್ರಿ. ಹೊಲ ಮಾರೋದು ಬ್ಯಾಡ ಅಂತ ನಾನೂ ಹೇಳ್ತೀನಿ.

ಚಿಂಟೂ ಅಪ್ಪ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ಮಗನಿಗೆ ಎಸ್‌ಎಂಎ (ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ, ಸ್ನಾಯು ಸೊರಗುವ ಆನುವಂಶಿಕ ಕಾಯಿಲೆ) ಟೈಪ್ 2. ಕೂರುತ್ತಾನೆ, ನಿಲ್ಲುವುದಿಲ್ಲ. ಮೊದಲ ದಿನದಿಂದ ಡಾಕ್ಟರು ಹೇಳಿದ್ದು ಇದು ಚಾಲಕ ನರಕೋಶದ ಕಾಯಿಲೆ, ಸಂವೇದನೆಗೆ ಏನೂ ಆಗಿಲ್ಲ ಎಂದು. ಮೇಡಂ, ನಿಮ್ಮ ಕೆಲಸ ನಮ್ಮಂಥವರಿಗೂ ಸಂಬಂಧಪಡುತ್ತದೆಯೇ, ಅಥವಾ ಇದು ಬೇರೆಯೇ ದಾರಿಯೇ?

ನೆಕ್ಕರ್ ದಂಡೆಯಿಂದ

ಸಂಬಂಧ ಇದೆ ಸರ್. ಚೆನ್ನಾಗಿಯೇ ಇದೆ.

ಡಾಕ್ಟರು ಹೇಳಿದ್ದು ಸರಿ. ಎಸ್‌ಎಂಎನಲ್ಲಿ ಎಸ್‌ಎಂಎನ್1 ಜೀನ್ ಇಲ್ಲದೆ ಚಾಲಕ ನರಕೋಶಗಳು ಸಾಯುತ್ತವೆ. ಮಗುವಿಗೆ ಮುಟ್ಟಿದ್ದು ಗೊತ್ತಾಗುತ್ತದೆ. ಆದರೆ ಕೊಲಂಬಿಯ ವಿಶ್ವವಿದ್ಯಾಲಯದ ಜಾರ್ಜ್ ಮೆಂಟಿಸ್ ಮತ್ತು ಜೊತೆಗಾರರು 2011ರಲ್ಲಿ ರೋಗವಿರುವ ಇಲಿಮರಿಗಳಲ್ಲಿ ಒಂದು ಸಂಗತಿ ಕಂಡರು. ಚಾಲಕ ನರಕೋಶ ಸಾಯುವುದಕ್ಕೆ ಮೊದಲೇ, ಸ್ನಾಯುವಿನಿಂದ ವರದಿ ತರುವ ಸಂವೇದನಾ ನರಗಳು ಅದರೊಂದಿಗೆ ಮಾಡಿಕೊಂಡಿದ್ದ ಸಂಪರ್ಕಗಳು ಕಳಚತೊಡಗುತ್ತವೆ. ಸಂವೇದನಾ ನರ ಜೀವಂತವಾಗಿಯೇ ಇರುತ್ತದೆ, ಚಾಲಕ ನರಕ್ಕೆ ಅದರಿಂದ ಸಿಗಬೇಕಾದ ಪ್ರಚೋದನೆ ಮಾತ್ರ ಸಿಗುವುದಿಲ್ಲ. ಹಾಗೆ ಪ್ರಚೋದನೆ ಕಡಿಮೆಯಾದಾಗ ಬದುಕಿರುವ ಚಾಲಕ ಕೋಶವೂ ಮಂಕಾಗುತ್ತದೆ ಎಂದು ಅವರೇ 2017ರಲ್ಲಿ ತೋರಿಸಿದರು. ಅಂದರೆ ಎಸ್‌ಎಂಎ ಮಗುವಿನ ದೌರ್ಬಲ್ಯದಲ್ಲಿ ಸತ್ತ ಕೋಶಗಳ ಪಾಲು ಒಂದಾದರೆ, ಬದುಕಿದ್ದೂ ಎಚ್ಚರವಿಲ್ಲದ ಕೋಶಗಳ ಪಾಲು ಇನ್ನೊಂದು. ಎರಡನೆಯದನ್ನು ಎಬ್ಬಿಸಬಹುದಲ್ಲ?

ಆ ಯೋಚನೆಯಿಂದಲೇ ಅಮೆರಿಕದ ಪಿಟ್ಸ್‌ಬರ್ಗಿನವರು ಮೂರು ಜನ ವಯಸ್ಕರಲ್ಲಿ ಪ್ರಯೋಗ ಮಾಡಿದರು. ಫಲಿತಾಂಶ 2025ರಲ್ಲಿ ಪ್ರಕಟವಾಯಿತು. ಮೂವರೂ ಸೌಮ್ಯ ರೂಪದ ಎಸ್‌ಎಂಎ ಇದ್ದವರು, ನಿಮ್ಮ ಮಗನ ಟೈಪ್ ಅಲ್ಲ. ಬೆನ್ನುಹುರಿಯ ಹೊರಗೆ ಎಲೆಕ್ಟ್ರೋಡ್ ಇಟ್ಟು ಸಂವೇದನಾ ನರಗಳ ಮೂಲಕ ಪ್ರಚೋದನೆ ಕೊಟ್ಟರು. 29 ದಿನ ಇಟ್ಟು ಆಮೇಲೆ ತೆಗೆದರು. ಆರು ನಿಮಿಷದ ನಡಿಗೆಯ ಪರೀಕ್ಷೆಯಲ್ಲಿ ಮೂವರೂ ಮೊದಲಿಗಿಂತ ಕನಿಷ್ಠ 20 ಮೀಟರ್ ಹೆಚ್ಚು ನಡೆದರು. ಮೂರೇ ಜನ, ಒಂದೇ ತಿಂಗಳು, ಇದನ್ನು ಚಿಕಿತ್ಸೆ ಎಂದು ಯಾರಾದರೂ ಮಾರಲು ಬಂದರೆ ಬಾಗಿಲು ಹಾಕಿಕೊಳ್ಳಿ. ಆದರೂ ಆ ಲೇಖನ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಪ್ರತಿ ವರ್ಷವೂ ಕುಗ್ಗುತ್ತಲೇ ಹೋಗುವ ರೋಗದಲ್ಲಿ ಮೂವರು ಮೊದಲಿಗಿಂತ ದೂರ ನಡೆದದ್ದು ಸಣ್ಣ ಮಾತಲ್ಲ.

ತಟ್ಟೆಯ ನರಕೋಶಗಳು ಇಲ್ಲಿ ಯಾಕೆ ಬೇಕು ಎಂದರೆ, ಇಲಿಮರಿಯಲ್ಲಿ ಕಂಡದ್ದು ಮನುಷ್ಯರಲ್ಲೂ ಹಾಗೆಯೇ ಎಂದು ಹೇಳಲು ಮನುಷ್ಯರ ಸಂವೇದನಾ ನರ ಮತ್ತು ಚಾಲಕ ನರವನ್ನು ಎದುರುಬದುರು ಇಟ್ಟು, ಒಂದನ್ನು ರೋಗಿಯಿಂದ, ಇನ್ನೊಂದನ್ನು ಆರೋಗ್ಯವಂತರಿಂದ ತಂದು ಅದಲುಬದಲು ಮಾಡಿ ನೋಡಬೇಕು. ತಪ್ಪು ಯಾರ ಕಡೆ ಶುರುವಾಗುತ್ತದೆ ಎಂದು ಬದುಕಿರುವ ಮಗುವಿನಲ್ಲಿ ಹೀಗೆ ಬೇರ್ಪಡಿಸಿ ನೋಡಲಾಗುವುದಿಲ್ಲ. ನಿಮ್ಮ ಮಗನ ಈಗಿನ ಔಷಧ ಮತ್ತು ವ್ಯಾಯಾಮ ಯಾವುದನ್ನೂ ಈ ಮಾತಿನ ಮೇಲೆ ಬದಲಿಸಬೇಡಿ.

ಹಾವೇರಿಯ ಅಕ್ಕ

ಅಕ್ಕಾರೆ, ನಿಮ್ಮ ಉತ್ತರವನ್ನು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಹೊಲದ ಮಾತು ನಿಂತಿದೆ. ಧಾರವಾಡದ ಅಣ್ಣಾರು ಹೇಳಿದ ಹಾಗೆ ಬಚ್ಚಲಿಗೆ ಹಿಡಿಕೆ ಹಾಕಿಸಲು ವೆಲ್ಡಿಂಗಿನವರಿಗೆ ಅಳತೆ ಕೊಟ್ಟಿದ್ದೇವೆ.

ತಮ್ಮ ರಕ್ತ ಕೊಡುತ್ತೇನೆ ಅನ್ನುತ್ತಾನೆ. "ನನ್ನ ನರ ನನಗಿಂತ ಮೊದಲು ಜರ್ಮನಿ ನೋಡಲಿ" ಎಂದು ನಗುತ್ತಾನೆ. ಸಹಿ ಹಾಕುವ ಮುಂಚೆ ಏನು ಕೇಳಬೇಕು? ನನ್ನ ರಕ್ತವನ್ನೂ ಕೇಳಿದ್ದಾರೆ, ನನಗೆ ರೋಗ ಇಲ್ಲವಲ್ಲ, ಯಾಕೆ? ಇನ್ನೊಂದನ್ನು ಇಲ್ಲಿ ಕೇಳಬಹುದೋ ಇಲ್ಲವೋ. ಮನೆಯಲ್ಲಿ ನನ್ನನ್ನು ಸೋದರಮಾವನ ಮಗನಿಗೆ ಕೊಡುವ ಮಾತಿದೆ.

ನೆಕ್ಕರ್ ದಂಡೆಯಿಂದ

ಹಿಡಿಕೆಯ ಸುದ್ದಿ ಓದಿ ತುಂಬ ಖುಷಿಯಾಯಿತು.

ಒಪ್ಪಿಗೆ ಪತ್ರ ಕನ್ನಡದಲ್ಲಿ ಕೇಳಿ. ಅದು ನಿಮ್ಮ ಹಕ್ಕು. ತಮ್ಮನಿಗೆ 18 ಆಗಿಲ್ಲವಾದ್ದರಿಂದ ಅಪ್ಪ ಅಥವಾ ಅವ್ವನ ಸಹಿ ಬೇಕು, ಅವನ ಸಮ್ಮತಿಯನ್ನೂ ಬೇರೆಯಾಗಿ ಕೇಳಬೇಕು. ಓದುವಾಗ ಒಂದು ಸಂಗತಿ ಮನಸ್ಸಿನಲ್ಲಿರಲಿ. ಒಮ್ಮೆ ಸ್ಟೆಮ್ ಸೆಲ್ ಆದ ಮೇಲೆ ಆ ಕೋಶಗಳಿಗೆ ಮುಗಿತಾಯವಿಲ್ಲ. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಅವು ದಶಕಗಟ್ಟಲೆ ಇರಬಲ್ಲವು, ಬೇಕಾದಾಗ ಎಬ್ಬಿಸಿ ಮತ್ತೆ ಬೆಳೆಸಬಹುದು. ಹಾಗಾಗಿ ಹೆಸರು ತೆಗೆದು ಸಂಕೇತ ಸಂಖ್ಯೆ ಹಾಕುತ್ತಾರೆಯೇ, ಬೇರೆ ಪ್ರಯೋಗಾಲಯಗಳಿಗೆ, ಕಂಪನಿಗಳಿಗೆ ಕೊಡುತ್ತಾರೆಯೇ, ನಾಳೆ ಬೇಡ ಎನಿಸಿದರೆ ಹಿಂದೆ ಪಡೆಯಬಹುದೇ, ಅಷ್ಟರಲ್ಲಿ ಹಂಚಿಹೋದ ಕೋಶಗಳ ಗತಿ ಏನು ಎಂದು ಕೇಳಿ. ಸಂಶೋಧನೆಯಲ್ಲಿ ಕಂಡದ್ದನ್ನು ಸಾಮಾನ್ಯವಾಗಿ ಒಬ್ಬೊಬ್ಬರಿಗೆ ರಿಪೋರ್ಟ್ ಮಾಡಿ ಕೊಡುವುದಿಲ್ಲ, ಅದನ್ನೂ ಸ್ಪಷ್ಟ ಮಾಡಿಕೊಳ್ಳಿ. ಯಾವ ಪ್ರಶ್ನೆಗೂ ಅವರು ಬೇಸರ ಪಟ್ಟುಕೊಳ್ಳಬಾರದು. ಕೊಡುವುದಿಲ್ಲ ಎಂದರೂ ತಮ್ಮನ ಚಿಕಿತ್ಸೆಗೆ ಏನೂ ವ್ಯತ್ಯಾಸ ಆಗುವಂತಿಲ್ಲ.

ನಿಮ್ಮ ರಕ್ತ ಹೋಲಿಕೆಗೆ. ಯಾರದೋ ನರಕೋಶದೊಂದಿಗೆ ತಮ್ಮನ ನರಕೋಶ ಹೋಲಿಸಿದರೆ ಕಾಣುವ ವ್ಯತ್ಯಾಸದಲ್ಲಿ ಯಾವುದು ರೋಗದ್ದು, ಯಾವುದು ಬರೀ ಇಬ್ಬರು ಬೇರೆ ಮನುಷ್ಯರಾಗಿರುವುದರಿಂದ ಬಂದದ್ದು ಎಂದು ಹೇಳಲಾಗುವುದಿಲ್ಲ. ಒಡಹುಟ್ಟಿದವರಾದರೆ ಅರ್ಧದಷ್ಟು ಡಿಎನ್‌ಎ ಹಂಚಿಕೊಂಡಿರುತ್ತಾರೆ, ನಿಮ್ಮ ಮನೆಯಲ್ಲಿ ಅದಕ್ಕಿಂತ ಹೆಚ್ಚೇ. ಇದಕ್ಕಿಂತ ನಿಖರವಾದ ಹೋಲಿಕೆ ಎಂದರೆ ತಮ್ಮನದೇ ಕೋಶದಲ್ಲಿ ಆ ಜೀನ್ ಒಂದನ್ನು ಮಾತ್ರ ತಿದ್ದಿ ಇಟ್ಟುಕೊಳ್ಳುವುದು, ಒಳ್ಳೆಯ ಪ್ರಯೋಗಾಲಯಗಳು ಎರಡನ್ನೂ ಮಾಡುತ್ತವೆ.

ಮದುವೆಯ ವಿಷಯ ಇಲ್ಲಿ ಕೇಳಿದ್ದು ಒಳ್ಳೆಯದೇ ಆಯಿತು. ಈ ರೋಗ ಬರಬೇಕಾದರೆ ಅಪ್ಪನಿಂದ ಒಂದು, ಅವ್ವನಿಂದ ಒಂದು, ಎರಡೂ ಕೆಟ್ಟ ಪ್ರತಿ ಬರಬೇಕು. ರೋಗವಿಲ್ಲದ ಅಕ್ಕನಲ್ಲಿ ಒಂದು ಕೆಟ್ಟ ಪ್ರತಿ ಇರುವ ಸಾಧ್ಯತೆ ಮೂರರಲ್ಲಿ ಎರಡು. ಅದರಿಂದ ನಿಮಗೆ ಯಾವ ತೊಂದರೆಯೂ ಇಲ್ಲ. ಆದರೆ ಸೋದರಮಾವನ ಮಗನೂ ಅದೇ ಮನೆತನದವನು, ಅವನಲ್ಲೂ ಇರುವ ಸಾಧ್ಯತೆ ಹೊರಗಿನವರಿಗಿಂತ ಬಹಳ ಹೆಚ್ಚು. ಇಬ್ಬರಲ್ಲೂ ಇದ್ದರೆ ಪ್ರತಿ ಮಗುವಿಗೂ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಸಂಶೋಧನೆಗೆ ಕೊಟ್ಟ ರಕ್ತದಿಂದ ಈ ಉತ್ತರ ಸಿಗುತ್ತದೆ ಎಂದು ಕಾಯಬೇಡಿ. ತಮ್ಮನ ರಿಪೋರ್ಟ್ ಹಿಡಿದು ಅದೇ ಆಸ್ಪತ್ರೆಯ ಆನುವಂಶಿಕ ಸಲಹೆಯ ವಿಭಾಗಕ್ಕೆ ಹೋಗಿ, ನಿಮ್ಮಿಬ್ಬರಿಗೂ ಬೇರೆಯಾಗಿ ಪರೀಕ್ಷೆ ಮಾಡಿಸಿ. ಮಾತುಕತೆ ಮುಂದುವರಿಸುವುದಿದ್ದರೆ ರಿಪೋರ್ಟ್ ಬಂದ ಮೇಲೆ ಮುಂದುವರಿಸಿ. ಅವ್ವನಿಗೆ ಹೇಳುವುದು ಕಷ್ಟ ಅನ್ನಿಸಿದರೆ ಅವರನ್ನೂ ಕರೆದುಕೊಂಡು ಹೋಗಿ, ಅಲ್ಲಿನವರೇ ಕೂರಿಸಿಕೊಂಡು ವಿವರಿಸುತ್ತಾರೆ.